ಇಂದಿನ ಧಮ್ಮ ಚಿಂತನೆ: ಮನೆಯ ವಾಸನೆ, ಯಾರ ಮೂಗಿಗಾಗಿ?

 

ಹೂವಿನ ಪರಿಮಳವನ್ನೂ ಶೀಲದ ಪರಿಮಳವನ್ನೂ ಹೋಲಿಸುವ ಸಂದೇಶ ನಮ್ಮ ಗುಂಪಿನಲ್ಲಿ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಬರಲಿ, ಒಳ್ಳೆಯದೇ. ಆದರೆ ಇಂದು ಹೋಲಿಕೆ ಬೇಡ. ನಿಜವಾದ ವಾಸನೆಯ ಬಗ್ಗೆಯೇ ಯೋಚಿಸೋಣ: ಬಚ್ಚಲ ಮೋರಿಯ ವಾಸನೆ, ಸರಿಯಾಗಿ ಒಣಗದ ಕೌದಿಯ ವಾಸನೆ, ಹಾಸಿಗೆ ಹಿಡಿದ ಹಿರಿಯರ ಕೋಣೆಯ ವಾಸನೆ. ಮನೆ ಘಮ್ಮೆನ್ನಬೇಕು ಎಂಬ ಆಸೆ ಎಲ್ಲರಿಗೂ ಇದೆ. ಅದು ತಪ್ಪೂ ಅಲ್ಲ. ಆದರೆ ಯಾರ ಮೂಗಿಗಾಗಿ?

ಈ ಪ್ರಶ್ನೆ ಎದ್ದದ್ದು ಇಬ್ರಾಹಿಂಪುರದ ತಂಗಿಯೊಬ್ಬಳು ಹೇಳಿದ ಸಂಗತಿಯಿಂದ. ಮನೆಗೆ ಹೆಣ್ಣು ನೋಡಲು ಬರುವವರಿದ್ದರು. ಹಿಂದಿನ ದಿನವೇ ಪಡಸಾಲೆ ತೊಳೆದರು, ಫಿನಾಯಿಲ್ ಹಾಕಿದರು, ಊದುಬತ್ತಿ ಹಚ್ಚಿದರು, ಅಂಗಡಿಯಿಂದ ರೂಮ್ ಫ್ರೆಶ್ನರ್ ತಂದು ಮೂಲೆ ಮೂಲೆಗೆ ಹೊಡೆದರು. ಪಡಸಾಲೆಯ ಪಕ್ಕದ ಕೋಣೆಯಲ್ಲಿದ್ದ ಆಯಿಯ ಮಂಚವನ್ನು ಹಿತ್ತಲ ಕಡೆಯ ಕೋಣೆಗೆ ಸಾಗಿಸಿದರು. ಆಯಿ ಎರಡು ವರ್ಷದಿಂದ ಎದ್ದು ಓಡಾಡಿಲ್ಲ. ಮಂಚ ಸರಿಸುವಾಗ ಸುಮ್ಮನಿದ್ದವರು ರಾತ್ರಿ ಮೊಮ್ಮಗಳನ್ನು ಕೇಳಿದರಂತೆ: "ನನ್ನ ವಾಸನಿ ಅಷ್ಟು ಬರ್ತದೇನವಾ?"

ಮನೆಯವರು ಕೆಟ್ಟವರಲ್ಲ. ಆಯಿಗೆ ಹೊತ್ತಿಗೆ ಸರಿಯಾಗಿ ಊಟ, ಔಷಧಿ ಎಲ್ಲ ಕೊಡುತ್ತಾರೆ. ಆದರೂ ಆ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ.

ಬುದ್ಧ ಹೇಳಿದ ಆರು ಇಂದ್ರಿಯ ದ್ವಾರಗಳಲ್ಲಿ ಮೂಗೂ ಒಂದು. ಗಂಧ ಮೂಗಿಗೆ ತಾಗುತ್ತದೆ, ತಾಗಿದೊಡನೆ ವೇದನೆ ಹುಟ್ಟುತ್ತದೆ: ಹಿತ, ಅಹಿತ, ಎರಡೂ ಅಲ್ಲದ್ದು. ಅಹಿತವಾದರೆ ಅದರ ಬೆನ್ನಿಗೇ ದ್ವೇಷ ಬರುತ್ತದೆ. ಕಣ್ಣು ಬೇಡವೆಂದರೆ ಮುಚ್ಚಬಹುದು, ಉಸಿರನ್ನು ಎಷ್ಟು ಹೊತ್ತು ಹಿಡಿಯಲು ಆದೀತು? ಅದಕ್ಕೇ ವಾಸನೆಯ ವಿಷಯದಲ್ಲಿ ಮನಸ್ಸು ಅಷ್ಟು ಬೇಗ ಜಿಗಿಯುತ್ತದೆ. ಜಿಗಿದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಬೇಕು. "ಇಲ್ಲಿ ಏನೋ ಕೊಳೆತಿದೆ, ಏನದು?" ಎಂದು ಕಾರಣದ ಕಡೆ ಹೋಗಬಹುದು. ಇಲ್ಲವೇ "ಇವರು ಹೀಗೆಯೇ" ಎಂದು ಮನುಷ್ಯರ ಕಡೆ ಹೋಗಬಹುದು. ಒಂದೇ ವಾಸನೆ, ಎರಡು ದಾರಿ.

ಮೂಗಿನ ಇನ್ನೊಂದು ಗುಣವೂ ಇದೆ. ಕೆಲವೇ ನಿಮಿಷಗಳಲ್ಲಿ ಅದು ಸುತ್ತಲಿನ ವಾಸನೆಗೆ ಒಗ್ಗಿಹೋಗುತ್ತದೆ. ನಮ್ಮ ಮನೆಯ ವಾಸನೆ ನಮಗೆ ಗೊತ್ತಾಗುವುದಿಲ್ಲ, ಪಕ್ಕದವರದು ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಮೂಗನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಿದರೆ ಅದು ಯಾವಾಗಲೂ ಪರರಿಗೇ ಶಿಕ್ಷೆ ಕೊಡುತ್ತದೆ.

ಇದರ ಪೆಟ್ಟು ನಮ್ಮಲ್ಲಿ ಬಹಳ ಮಂದಿ ತಿಂದಿದ್ದೇವೆ. ಬಾಡಿಗೆ ಮನೆ ಕೇಳಲು ಹೋದಾಗ ಹೆಸರಿಗಿಂತ ಮೊದಲು "ಅಡಿಗಿ ಏನ್ ಮಾಡ್ತೀರಿ?" ಎಂದು ಕೇಳುವುದುಂಟು. ಒಣಮೀನು, ಮಾಂಸದ ವಾಸನೆ ಎಂಬುದು ನೆಪ, ಕೇಳುತ್ತಿರುವುದು ಜಾತಿಯನ್ನು. ಜಾತಿ ಕೇಳಲು ನಾಚುವವರಿಗೆ ವಾಸನೆ ಒಂದು ಅನುಕೂಲದ ಮಾತು. ಈ ಅವಮಾನದಿಂದಲೇ ನಮ್ಮ ಎಷ್ಟೋ ಅವ್ವಂದಿರು ದಿನಕ್ಕೆರಡು ಸಲ ನೆಲ ಒರೆಸುತ್ತಾರೆ. ಬಂದವರು ಮೂಗು ಮುರಿಯಬಾರದು ಎಂಬ ಹೆದರಿಕೆ. ಹೆದರಿಕೆಯಿಂದ ತೊಳೆದ ನೆಲವೂ ಸ್ವಚ್ಛವಾಗಿಯೇ ಇರುತ್ತದೆ, ನಿಜ. ಆದರೆ ತೊಳೆದವಳಿಗೆ ಆ ಮನೆಯಲ್ಲಿ ನೆಮ್ಮದಿಯಾಗಿ ಕೂರಲು ಆಗುವುದಿಲ್ಲ. ಆಯಿಯ ಮಂಚ ಹಿತ್ತಲಿಗೆ ಹೋಗುವುದೂ ಇದೇ ಹೆದರಿಕೆಯಿಂದ.

ನಮ್ಮ ವಿಜಯಪುರಕ್ಕೆ ಸುಗಂಧ ಹೊಸದೇನಲ್ಲ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಸುಗಂಧ ತಯಾರಿಕೆಯ ಮೇಲೆಯೇ "ಇತ್ರ್-ಇ ನೌರಸ್ ಶಾಹಿ" ಎಂಬ ಪಾರಸಿ ಗ್ರಂಥ ಇದೇ ಊರಲ್ಲಿ ಹುಟ್ಟಿತು. ಆ ಕಾಲದ ಅರಮನೆಗೆ ಸುಗಂಧವೆಂದರೆ ಒಂದು ವಿದ್ಯೆ. ಬೌದ್ಧ ಪರಂಪರೆಯೂ ಸುಗಂಧವನ್ನು ಹೀಗಳೆಯುವುದಿಲ್ಲ. ಶ್ರಾವಸ್ತಿಯ ಜೇತವನದಲ್ಲಿ ಭಗವಾನರು ಇರುತ್ತಿದ್ದ ಕೋಣೆಗೆ ಗಂಧಕುಟಿ ಎಂದೇ ಹೆಸರು. ಜನ ಹೂವು, ಗಂಧ ತಂದು ಅರ್ಪಿಸುತ್ತಿದ್ದರು. ಅವರು ಬೇಡವೆನ್ನಲಿಲ್ಲ.

ಆದರೆ ನನಗೆ ಗಂಧಕುಟಿಗಿಂತ ಹೆಚ್ಚು ನೆನಪಾಗುವುದು ಬುದ್ಧರ ಸಂಡಾಸದ ಕಥೆ. ವಿನಯಪಿಟಕದಲ್ಲಿದೆ. ಶ್ರಾಮಣೇರರು ಭಿಕ್ಷುಗಳ ಜೊತೆ ಒಂದೇ ಕೋಣೆಯಲ್ಲಿ ಮಲಗಬಾರದು ಎಂಬ ನಿಯಮ ಆಗಷ್ಟೇ ಬಂದಿತ್ತು. ಕೋಸಂಬಿಯಲ್ಲಿ ಬಾಲಕ ರಾಹುಲನಿಗೆ ಆ ರಾತ್ರಿ ಮಲಗಲು ಯಾರೂ ಜಾಗ ಕೊಡಲಿಲ್ಲ. ಅವನು ಯಾರೊಡನೆಯೂ ಜಗಳವಾಡದೆ ಬುದ್ಧರ ಶೌಚಗೃಹದಲ್ಲಿ ರಾತ್ರಿ ಕಳೆದ. ಬೆಳಗಿನ ಜಾವ ಬುದ್ಧರು ಬಾಗಿಲ ಬಳಿ ಬಂದು ಕೆಮ್ಮಿದರು, ಒಳಗಿನಿಂದ ರಾಹುಲನೂ ಕೆಮ್ಮಿದ. ಮುಂದೆ ಆ ನಿಯಮ ಸಡಿಲವಾಯಿತು. ಜಾತಕದ ಅಟ್ಟಕಥೆ ಇನ್ನೊಂದು ಮಾತು ಸೇರಿಸುತ್ತದೆ: ಆ ಶೌಚಗೃಹ ಹೊಲಸಾಗಿರಲಿಲ್ಲ, ನೆಲಕ್ಕೆ ಸುಗಂಧ, ಗೋಡೆಗೆ ಹೂಮಾಲೆ, ರಾತ್ರಿಯಿಡೀ ದೀಪ. ಅಟ್ಟಕಥೆಕಾರರು ಗುರುವಿನ ಗೌರವಕ್ಕಾಗಿ ಸ್ವಲ್ಪ ಹೆಚ್ಚೇ ಅಲಂಕಾರ ಮಾಡಿರಬಹುದು ಎಂದು ನನ್ನ ಅನುಮಾನ. ಇರಲಿ. ಒಂದು ಮಗು ರಾತ್ರಿ ಕಳೆಯಬಹುದಾದಷ್ಟು ಶುಚಿಯಾದ ಸಂಡಾಸ ಎಂಬ ಕಲ್ಪನೆಯೇ ದೊಡ್ಡದು.

ಅದನ್ನು ಶುಚಿ ಮಾಡುತ್ತಿದ್ದವರು ಯಾರು? ಚುಲ್ಲವಗ್ಗದಲ್ಲಿ ಶೌಚಗೃಹದ ಕರ್ತವ್ಯಗಳು ಒಂದೊಂದಾಗಿ ಬರುತ್ತವೆ. ಒಳಹೋಗುವ ಮುನ್ನ ಕೆಮ್ಮಬೇಕು. ಹೊಲಸಾಗಿದ್ದರೆ ತೊಳೆಯಬೇಕು, ನೆಲ ಗುಡಿಸಬೇಕು, ನೀರಿಲ್ಲದಿದ್ದರೆ ತುಂಬಿಸಬೇಕು. ಇದೆಲ್ಲ ಬಳಸುವ ಭಿಕ್ಷುವಿನದೇ ಕೆಲಸ. ಬ್ರಾಹ್ಮಣ ಕುಲದಿಂದ ಬಂದವನಾಗಲಿ, ಶಾಕ್ಯ ರಾಜಕುಮಾರನಾಗಲಿ, ಬಳಸಿದವನೇ ತೊಳೆಯಬೇಕು. ಅದಕ್ಕಾಗಿ ಹುಟ್ಟಿದ ಬೇರೆ ಕುಲ ಸಂಘದಲ್ಲಿ ಇರಲಿಲ್ಲ.

ಸಂಘದ ಹೊರಗೆ ಇತ್ತು. ಥೇರಗಾಥೆಯ ಸುನೀತ ಥೇರರು ಮೊದಲು ಮಾಡುತ್ತಿದ್ದ ಕೆಲಸ ಬಾಡಿದ ಹೂ ತೆಗೆದು ಎಸೆಯುವುದು. ಸುಮ್ಮನೆ ಓದಿದರೆ ಇದು ಸಣ್ಣ ವಿವರ. ಆದರೆ ನೋಡಿ, ಬೆಳಿಗ್ಗೆ ಮನೆಗಳಿಗೆ, ಗುಡಿಗಳಿಗೆ ಪರಿಮಳ ಕೊಟ್ಟ ಹೂವೇ ಅದು. ಪರಿಮಳ ಅವರಿಗೆ, ಕೊಳೆತದ್ದು ಸುನೀತರಿಗೆ. ಆ ಮೇಲೆ ಅದೇ ಜನ ಅವರನ್ನು ಕಂಡು ಹೇಸಿದರು. ಭಗವಾನರು ಭಿಕ್ಷುಸಂಘದೊಡನೆ ಮಗಧದ ನಗರಕ್ಕೆ ಬರುವುದನ್ನು ಕಂಡು ಅವರು ಹೊರೆ ಕೆಳಗಿಟ್ಟು ವಂದಿಸಲು ಹೋದರು. ಭಗವಾನರು ಅವರಿಗಾಗಿ ನಿಂತರು. ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ ತಮ್ಮ "ಬುದ್ಧ ಮತ್ತು ಆತನ ಧಮ್ಮ" ಗ್ರಂಥದಲ್ಲಿ ಸುನೀತರ ದೀಕ್ಷೆಗೆ ಜಾಗ ಕೊಟ್ಟದ್ದು ಸುಮ್ಮನೆ ಅಲ್ಲ.

ನಮ್ಮೂರಿನ ತಾಜ್ ಬಾವಡಿಯೂ ಇದೇ ಕಥೆಯನ್ನು ಹೇಳುತ್ತದೆ. 1620ರ ಬಾವಿ, ಊರಿಗೆ ನೀರು ಕೊಟ್ಟದ್ದು. ಮುಂದೆ ನಮ್ಮ ಮೂರ್ತಿ, ಕಸ ಎಲ್ಲ ಅದರ ಹೊಟ್ಟೆ ಸೇರಿ ನೀರು ಕೆಟ್ಟುಹೋಗಿ, ಹೂಳೆತ್ತಿ ಸ್ವಚ್ಛ ಮಾಡಬೇಕಾಯಿತು. ಮನೆಯೊಳಗಿನ ವಾಸನೆ ಮಾಯವಾಗುವುದಿಲ್ಲ, ಬಹಳ ಸಲ ವಿಳಾಸ ಬದಲಿಸುತ್ತದೆ ಅಷ್ಟೇ. ಗಟಾರಕ್ಕೆ, ಬಾವಿಗೆ, ಇನ್ನೊಬ್ಬರ ಓಣಿಗೆ, ಕೊನೆಗೆ ಇನ್ನೊಬ್ಬರ ಮೈಗೆ.

ಇಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ಎತ್ತಿದ ಆಕ್ಷೇಪವನ್ನು ದಾಟಿಹೋಗುವಂತಿಲ್ಲ. "ಸಂಡಾಸ ತೊಳೆಯೋದು ಧಮ್ಮ ಅಂತ ನಮಗ್ಯಾಕ ಹೇಳ್ತೀರಿ? ನಮ್ಮ ಮುತ್ಯಾಗೋಳು ಅದನ್ನ ಸಾಕಷ್ಟು ಮಾಡ್ಯಾರ" ಎಂದರು. ಅವರ ಮಾತು ಸರಿ. ಈ ಕೆಲಸ ಪವಿತ್ರ ಎಂದು ಹೊಗಳಿ ಅದೇ ಜನರ ತಲೆ ಮೇಲೆ ಉಳಿಸುವ ಜಾಣತನವನ್ನು ಬಾಬಾಸಾಹೇಬರು ಬಹಳ ಹಿಂದೆಯೇ ಬಯಲು ಮಾಡಿದ್ದಾರೆ. ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ನಿಲ್ಲಿಸಲು ಆದೇಶಿಸಿದವರು ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು. ಆದರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮನೆಗಳಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡರು. ಊರು ಯಾವುದನ್ನು ಮೂಸಲೂ ಒಲ್ಲೆನೆಂದು ಅವರ ಕೈಗೆ ಕೊಟ್ಟಿತ್ತೋ ಅದನ್ನೇ ಊರಿನ ಮೂಗಿಗೆ ತೋರಿಸಿದರು. 2013ರ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವಂತಿಲ್ಲ. ಇದು ಪಾಲಿಕೆಗೆ ಮಾತ್ರವಲ್ಲ, ಮನೆ ಮಾಲೀಕನಿಗೂ ಅನ್ವಯ. ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಆದ್ದರಿಂದ ಹಿರಿಯರಿಗೆ ನನ್ನ ಉತ್ತರ ಇಷ್ಟು: ವಿನಯದ ನಿಯಮ ಹೇಳುವುದು ಪರರ ಹೊಲಸನ್ನು ನಾವು ಬಳಿಯಬೇಕೆಂದಲ್ಲ, ನಮ್ಮದನ್ನು ಪರರಿಗೆ ದಾಟಿಸಬಾರದೆಂದು.

ಈಗ ಆಯಿಯ ವಿಷಯ. ಮಹಾವಗ್ಗದಲ್ಲಿ ಹೊಟ್ಟೆಯ ರೋಗದಿಂದ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಒಬ್ಬ ಭಿಕ್ಷು ಬರುತ್ತಾನೆ. ಅವನು ಯಾರಿಗೂ ನೆರವಾದವನಲ್ಲ, ಹಾಗಾಗಿ ಯಾರೂ ಅವನನ್ನು ನೋಡುತ್ತಿರಲಿಲ್ಲ. ಬುದ್ಧರು ಆನಂದನಿಗೆ ನೀರು ತರಲು ಹೇಳಿದರು. ಬುದ್ಧರು ನೀರು ಹೊಯ್ದರು, ಆನಂದ ತೊಳೆದ. ಸಂಘವನ್ನು ಸೇರಿಸಿ ವಿಚಾರಿಸಿದ್ದು ಆಮೇಲೆ. ರೋಗಿಯನ್ನು ನೋಡಿಕೊಳ್ಳುವವರಿಗೆ ಇರಬೇಕಾದ ಗುಣಗಳನ್ನು ಅಲ್ಲಿ ಎಣಿಸಿದ್ದಾರೆ. ಅದರಲ್ಲೊಂದಕ್ಕೆ ಪಾಲಿಯಲ್ಲಿ "ಅಜೇಗುಚ್ಛೀ" ಎನ್ನುತ್ತಾರೆ, ನಮ್ಮ ಜುಗುಪ್ಸೆಗೆ ಹತ್ತಿರದ ಮಾತು: ಮಲ, ಮೂತ್ರ, ವಾಂತಿ ತೆಗೆಯಲು ಹೇಸದವನು. ವಾಸನೆ ಬರುವುದಿಲ್ಲ ಎಂದು ನಟಿಸಬೇಕಿಲ್ಲ. ವಾಸನೆ ಬರುತ್ತದೆ, ಅದು ಬರುವುದು ಮೂತ್ರದಿಂದ, ಆಯಿಯಿಂದ ಅಲ್ಲ.

ಕಾರಣ ಹಿಡಿದರೆ ಉಪಾಯ ತೀರಾ ಸಣ್ಣದು. ಹೊಸ ಮೂತ್ರಕ್ಕೆ ಅಂಥ ಘಾಟು ಇಲ್ಲ. ಹೊತ್ತಾದಂತೆ ಅದರಲ್ಲಿನ ಯೂರಿಯಾವನ್ನು ಸೂಕ್ಷ್ಮಾಣುಗಳು ಅಮೋನಿಯಾ ಮಾಡುತ್ತವೆ, ಘಾಟು ಅದರದು. ಹಾಗಾಗಿ ಬೇಕಾದದ್ದು ಸೆಂಟಿನ ಡಬ್ಬಿ ಅಲ್ಲ, ಬೇಗ ಬದಲಿಸುವ ಕೈ. ಕೌದಿ ಹೀರಿಕೊಂಡರೆ ವಾಸನೆ ಬಿಡುವುದಿಲ್ಲ, ಅದರ ಮೇಲೆ ರಬ್ಬರ್ ಶೀಟು, ಶೀಟಿನ ಮೇಲೆ ಹಳೆಯ ಹತ್ತಿ ಅರಿವೆ. ತೊಳೆದದ್ದನ್ನು ನಮ್ಮೂರ ಬಿಸಿಲಿಗೆ ಹಾಕಿ, ಬಿಸಿಲಿಗೆ ಇಲ್ಲಿ ಬರವಿಲ್ಲ. ಬಚ್ಚಲ ನಾತಕ್ಕೂ ಅಷ್ಟೇ. ಮೋರಿಯ ಕೆಳಗಿನ ಬಾಗಿದ ಪೈಪಿನಲ್ಲಿ ನಿಂತ ನೀರೇ ಗಟಾರದ ಗಾಳಿಯನ್ನು ತಡೆಯುವುದು. ಬೇಸಿಗೆಯಲ್ಲಿ ಬಳಸದ ಬಚ್ಚಲದಲ್ಲಿ ಆ ನೀರು ಆರಿಹೋಗುತ್ತದೆ, ನಾತ ಮೇಲೆ ಬರುತ್ತದೆ. ಒಂದು ತಂಬಿಗೆ ನೀರು ಹೊಯ್ದರೆ ಸಾಕು. ಊದುಬತ್ತಿಯ ಹೊಗೆ ನಾತವನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ, ದಮ್ಮು ಇರುವ ಹಿರಿಯರಿಗೆ ತೊಂದರೆ ಬೇರೆ. ಬ್ಲೀಚಿಂಗ್ ಪೌಡರ್ ಮತ್ತು ಸಂಡಾಸ ತೊಳೆಯುವ ಆ್ಯಸಿಡ್ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಇಷ್ಟಾದ ಮೇಲೂ ಆ ಕೋಣೆಯಲ್ಲಿ ಸ್ವಲ್ಪ ವಾಸನೆ ಉಳಿಯಬಹುದು. ಬೀಗರಾಗುವವರು ಅದನ್ನು ಮೂಸಿ ಬೇಡವೆಂದರೆ? ಅನ್ನಲೂಬಹುದು, ಲೋಕ ಹಾಗಿದೆ. ಮುಪ್ಪನ್ನು ಒಂದು ಮಧ್ಯಾಹ್ನ ಸಹಿಸದ ಮನೆಯೊಡನೆ ನೆಂಟಸ್ತನ ಬೇಕೇ ಎಂಬುದು ಹುಡುಗಿಯನ್ನೇ ಕೇಳಬೇಕಾದ ಮಾತು.

ಮಹಾವಗ್ಗದ ಆ ಕಥೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ ಇದೆ. ತೊಳೆದ ಮೇಲೆ ಬುದ್ಧರು ರೋಗಿಯ ತಲೆಯ ಕಡೆ ಹಿಡಿದರು, ಆನಂದ ಕಾಲಿನ ಕಡೆ ಹಿಡಿದ, ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸಿದರು. ಇಬ್ಬರು ಬೇಕಾಯಿತು. ನಮ್ಮ ಬಹಳಷ್ಟು ಮನೆಗಳಲ್ಲಿ ಈ ಕೆಲಸಕ್ಕೆ ಇರುವುದು ಒಬ್ಬಳೇ, ಸೊಸೆ. ಗಂಡಸರು ಬಾಗಿಲಲ್ಲಿ ನಿಂತು "ಫಿನಾಯಿಲ್ ಹಾಕೀಯೇನು?" ಎಂದು ಕೇಳುವವರು. ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಕಾಲಿನ ಕಡೆ ಹಿಡಿಯುವ ಎರಡನೆಯವರು ಯಾರು ಎಂದು ಇಂದು ಗುಂಪಿನಲ್ಲಿ ಬರೆಯಿರಿ. ಅಣ್ಣಂದಿರು ಮೊದಲು ಬರೆಯಲಿ.