ಅಲೆಯುವುದು ಯಾವುದು?

ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಳ ಆಸುಪಾಸಿನ ಎತ್ತರದಲ್ಲಿದ್ದು, ಪಡುವಣ ಕಡಲಿಗೆ ಹೊರಟರೂ ಮೂಡಣ ಕಡಲಿಗೆ ಹೊರಟರೂ ಮುನ್ನೂರು ಕಿಲೋಮೀಟರಿಗೆ ಮಿಗಿಲಾದ ಹಾದಿಯನ್ನು ಸವೆಸಬೇಕಾದ ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಸೀಮೆಯಲ್ಲಿ, ಕಡಲನ್ನು ಒಮ್ಮೆಯೂ ಕಾಣದೆ ಆಯುಸ್ಸನ್ನು ಮುಗಿಸಿದ ಹಿರಿಯರು ಹಲವು ಮನೆತನಗಳಲ್ಲಿ ಇದ್ದಾರು. ‘ಅಲೆ’ ಎಂಬ ಮಾತನ್ನು ಆಡದೆ ಬಾಳಿದವರು ಮಾತ್ರ ಇರಲಾರರು. ಪಹಣಿಯ ಒಂದು ತಿದ್ದುಪಡಿಗಾಗಿ ಕಚೇರಿಯ ಮೆಟ್ಟಿಲು ಹತ್ತಿಳಿದ ರೈತನು “ಅಲೆದೂ ಅಲೆದೂ ಚಪ್ಪಲಿ ಸವೀತು ಕಣಪ್ಪ” ಎನ್ನುತ್ತಾನೆ. ಮಧ್ಯಾಹ್ನದ ಹೊತ್ತು ಬೀದಿಗಿಳಿದ ಹುಡುಗನನ್ನು ಅಜ್ಜಿ “ಬಿಸಿಲಲ್ಲಿ ಅಲೀಬೇಡ್ವೋ” ಎಂದು ಕೂಗುತ್ತಾಳೆ. ಮನೆಮಠವಿಲ್ಲದೆ ಊರೂರು ತಿರುಗುವವನು ಅಲೆಮಾರಿ. ಇವರಾರ ಮನಸ್ಸಿನಲ್ಲಿಯೂ ಆಗ ಕಡಲಿಲ್ಲ, ನೀರೂ ಇಲ್ಲ. ಆದರೂ ಅವರಾಡುವ ಮಾತು ಕಡಲಿನ ಚಲನೆಗೆ ಕನ್ನಡಿಗರು ಇಟ್ಟುಕೊಂಡಿರುವ ಮಾತೇ ಆಗಿದೆ.

ಈ ಶಬ್ದವು ದ್ರಾವಿಡ ಭಾಷೆಗಳಿಗೆ ಸಾಮಾನ್ಯವಾದದ್ದು. ತಮಿಳಿನಲ್ಲಿ ‘ಅಲೈ’, ತೆಲುಗಿನಲ್ಲಿ ‘ಅಲ’, ಮಲಯಾಳದಲ್ಲಿಯೂ ‘ಅಲ’. ಕನ್ನಡದಲ್ಲಿ ‘ಅಲೆ’ ಎಂಬ ಒಂದೇ ರೂಪವು ನಾಮಪದವೂ ಆಗುತ್ತದೆ, ಧಾತುವೂ ಆಗುತ್ತದೆ. ಧಾತುವಾದಾಗ ತೂಗಾಡು, ನಡುಗು, ಸುತ್ತಾಡು ಎಂಬ ಅರ್ಥಗಳಲ್ಲಿ ಪ್ರವರ್ತಿಸುವುದಲ್ಲದೆ, ಹಳೆಯ ಕನ್ನಡದಲ್ಲಿ ಪೀಡಿಸು ಎಂಬ ಅರ್ಥವನ್ನೂ ತಾಳುತ್ತದೆ. ವಸ್ತುವಿಗೂ ಕ್ರಿಯೆಗೂ ಒಂದೇ ಹೆಸರಿರುವುದು ಕನ್ನಡದಲ್ಲಿ ಅಪೂರ್ವವೇನಲ್ಲ. ಆದರೆ ಇಲ್ಲಿ ಆ ಸಾಮ್ಯವು ನಮ್ಮ ದರ್ಶನಕಾರರು ಶತಮಾನಗಳ ಕಾಲ ಕೈಬಿಡದೆ ಚರ್ಚಿಸಿದ ಪ್ರಶ್ನೆಯೊಂದರ ಮರ್ಮವನ್ನೇ ಮುಟ್ಟುತ್ತದೆಂದು ನನಗೆ ತೋರುತ್ತದೆ. ಅಲೆ ಎಂಬುದು ಒಂದು ಪದಾರ್ಥವೇ, ಅಥವಾ ಪದಾರ್ಥವೊಂದರ ವರ್ತನೆಯೇ? ಅಲೆಯುತ್ತದೆ ಎಂದಾಗ ಅಲೆಯುವುದು ಯಾವುದು?

ಈ ಪ್ರಶ್ನೆಗೆ ಕಡಲೇ ಬೇಕೆಂದಿಲ್ಲ, ಕೆರೆ ಸಾಕು. ಮಳೆಗಾಲದ ಕೊನೆಯಲ್ಲಿ ಕೆರೆ ತುಂಬಿ, ಕೋಡಿ ಬಿದ್ದು, ಗಾಳಿ ಬೀಸುತ್ತಿರುವ ಹೊತ್ತಿನಲ್ಲಿ ಏರಿಯ ಮೇಲೆ ನಿಂತು, ನೀರಿನ ಮೇಲೆ ಉದುರಿದ ಒಂದು ಹೊಂಗೆಯ ಎಲೆಯನ್ನೇ ದಿಟ್ಟಿಸಿ ನೋಡತಕ್ಕದ್ದು. ಎಲೆ ಮೇಲೇಳುತ್ತದೆ, ತುಸು ಮುಂದಕ್ಕೆ ಸರಿಯುತ್ತದೆ, ಇಳಿಯುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ. ಅದರ ಅಡಿಯಿಂದ ಹಾದುಹೋದ ಅಲೆ ಏರಿಯನ್ನು ತಾಗಿ ಇಲ್ಲವಾದ ಮೇಲೆಯೂ ಎಲೆ, ಗಾಳಿ ತಳ್ಳಿದಷ್ಟು ಬಿಟ್ಟರೆ, ಇದ್ದಲ್ಲಿಯೇ ಇದೆ. ನೀರಿನ ಒಂದೊಂದು ಕಣವೂ ಸಣ್ಣದೊಂದು ವೃತ್ತವನ್ನು ಸುತ್ತಿ ತನ್ನ ನೆಲೆಗೆ ಮರಳುವುದೆಂದೂ, ಎರಡು ಅಲೆಗಳ ನಡುವಣ ಅಂತರದ ಅರ್ಧದಷ್ಟು ಆಳಕ್ಕಿಳಿದರೆ ಆ ಸುತ್ತಾಟವೂ ಬಹುಮಟ್ಟಿಗೆ ಅಡಗುವುದೆಂದೂ ಭೌತಶಾಸ್ತ್ರಜ್ಞರು ಹೇಳುತ್ತಾರೆ. ಹಾಗಾದರೆ ಆಚೆಯ ದಡದಿಂದ ಈಚೆಯ ಏರಿಯವರೆಗೆ ಬಂದದ್ದೇನು? ನೀರು ಬರಲಿಲ್ಲ, ಬಂದದ್ದು ನೀರಿನ ಒಂದು ಆಕಾರ. ರೈತನು ಅಲೆದಾಗ ರೈತನೇ ಊರಿಂದ ಊರಿಗೆ ಹೋಗುತ್ತಾನೆ. ನೀರು ಅಲೆದಾಗ ನೀರು ಎಲ್ಲಿಗೂ ಹೋಗುವುದಿಲ್ಲ. ತೂಗಾಟ, ತಿರುಗಾಟ ಎಂಬ ಎರಡು ಬೇರೆ ಸಂಗತಿಗಳನ್ನು ನಮ್ಮ ಭಾಷೆ ಒಂದೇ ಮಾತಿನಲ್ಲಿ ಕಟ್ಟಿಹಾಕಿದೆ.

ಕನ್ನಡದ ಇನ್ನೊಂದು ಮಾತಾದ ‘ತೆರೆ’ಯದು ಬೇರೆಯ ದಾರಿ. ಅಲೆ, ಮುಪ್ಪಿನಲ್ಲಿ ಚರ್ಮದ ಮೇಲೆ ಬೀಳುವ ಸುಕ್ಕು, ಅಡ್ಡ ಹಿಡಿಯುವ ಪರದೆ, ಇವು ಮೂರೂ ತೆರೆಗಳೇ. ಮಡಿಕೆ ಮಡಿಕೆಯಾಗಿ ಬೀಳುವುದು ಇವುಗಳ ಸಾಮಾನ್ಯ ಲಕ್ಷಣ. ಬಾಗಿಲು ತೆರೆಯುವುದಕ್ಕೂ ಅರಸನಿಗೆ ತೆರಿಗೆ ತೆರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅವು ಶಕಟರೇಫವುಳ್ಳ ‘ತೆಱೆ’, ‘ತೆಱು’ ಎಂಬ ಶಬ್ದಗಳು. ವೈಯಾಕರಣ ಕೇಶಿರಾಜನ ಕಾಲದಲ್ಲಿ ಕಣ್ಣಿಗೆ ಬೇರೆಯಾಗಿಯೇ ಕಾಣುತ್ತಿದ್ದವು, ಆ ಅಕ್ಷರವು ಬಳಕೆ ತಪ್ಪಿದ ಮೇಲೆ ಒಂದೇ ಬರೆಹದಲ್ಲಿ ಬೆರೆತುಹೋದವು. ಹಾಗೆ ಬೆರೆತದ್ದರಿಂದ, ಮುಚ್ಚುವ ತೆರೆಯನ್ನು ತೆರೆಯುವುದು ಎಂಬ ಚಮತ್ಕಾರವೊಂದು ಹೊಸಗನ್ನಡಕ್ಕೆ ಪುಕ್ಕಟೆಯಾಗಿ ದೊರೆಯಿತು. ನಮ್ಮ ಕಡೆಯ ಮೂಡಲಪಾಯದ ಆಟಗಳಲ್ಲಿ ಇಬ್ಬರು ಹಿಡಿದ ತೆರೆಯ ಹಿಂದೆ ವೇಷವು ಗೆಜ್ಜೆಯ ಸದ್ದು ಮಾಡುತ್ತ ನಿಂತಿರುವಾಗ, ಬಟ್ಟೆ ಅಲುಗಾಡುವುದನ್ನು ಮಾತ್ರ ಕಾಣುತ್ತಿರುವ ಪ್ರೇಕ್ಷಕನಿಗೆ ಆವರಣವೆಂದರೇನೆಂಬುದನ್ನು ವೇದಾಂತಿಯು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಸಂಸ್ಕೃತದ ‘ತರಂಗ’ವನ್ನು ವೈಯಾಕರಣರು ತೇಲುವುದು, ದಾಟುವುದು ಎಂಬ ಅರ್ಥಗಳುಳ್ಳ ‘ತೄ’ ಧಾತುವಿನಿಂದ ಸಾಧಿಸುತ್ತಾರೆ. ತೀರ, ತೀರ್ಥ, ತಾರಕ, ಅವತಾರ ಇವೆಲ್ಲ ಆ ಧಾತುವಿನ ಮಕ್ಕಳೇ. ಹೊಳೆಯಲ್ಲಿ ಕಾಲಿಟ್ಟು ದಾಟಬಹುದಾದ ಎಡೆಯು ತೀರ್ಥ, ಅಂತಹ ಎಡೆಯನ್ನು ಮಾಡಿಕೊಟ್ಟವನು ಜೈನರ ತೀರ್ಥಂಕರ. ನೆಲಮಂಗಲ ತಾಲ್ಲೂಕಿನಲ್ಲಿಯೇ ಇರುವ ಶಿವಗಂಗೆಯ ಒಳಕಲ್ಲುತೀರ್ಥದಲ್ಲಿ, ಬಂಡೆಯ ಒರಳಿನಂತಹ ಕುಳಿಯೊಳಗೆ ತೋಳನ್ನು ಇಳಿಯಬಿಟ್ಟು, ಪುಣ್ಯವಂತರಿಗೆ ಮಾತ್ರ ಎಟುಕುವುದೆಂದು ಪ್ರತೀತಿಯಿರುವ ನೀರನ್ನು ಬೆರಳ ತುದಿಯಿಂದ ಹುಡುಕುವ ಯಾತ್ರಿಕನು ಯಾವ ಹೊಳೆಯನ್ನೂ ದಾಟುವುದಿಲ್ಲ. ಆದರೂ ಅದು ತೀರ್ಥವೇ. ತನ್ನನ್ನು ಮುಳುಗಿಸಬಲ್ಲದ್ದಕ್ಕೂ ತನ್ನನ್ನು ದಾಟಿಸಬಲ್ಲದ್ದಕ್ಕೂ ಮನುಷ್ಯನು ಒಂದೇ ಧಾತುವಿನಿಂದ ಹೆಸರು ತೆಗೆದನಲ್ಲಾ ಎಂದು ಬೆರಗಾಗಬಹುದು. ಆದರೆ ವ್ಯುತ್ಪತ್ತಿಯಿಂದ ತತ್ತ್ವವನ್ನು ಸಿದ್ಧಪಡಿಸಹೊರಡುವುದು ಪಂಡಿತರ ಹಳೆಯ ಚಪಲ; ಶಬ್ದವು ದಾರಿ ತೋರಿಸೀತೇ ಹೊರತು ಪ್ರಮಾಣವಾಗಲಾರದು. ದಿನಕ್ಕೆ ಹತ್ತು ಸಾರಿ ನಾವಾಡುವ ‘ವೇಳೆ’ಯೂ ಕಡಲಿನಿಂದ ಬಂದದ್ದೇ: ದಡ, ಎಲ್ಲೆ, ಉಬ್ಬರ, ಕಾಲ ಎಂಬ ಅರ್ಥಗಳೆಲ್ಲ ಉಳ್ಳ ‘ವೇಲಾ’ ಎಂಬುದರ ತದ್ಭವ. ಅಷ್ಟರಿಂದ ಊಟದ ವೇಳೆಗೂ ಸಮುದ್ರಕ್ಕೂ ನಂಟು ಕಲ್ಪಿಸುವವರು ಯಾರೂ ಇಲ್ಲವಷ್ಟೆ.

ತತ್ತ್ವದ ಚರ್ಚೆಗೆ ಬಂದರೆ, ಅಲೆಯ ದೃಷ್ಟಾಂತವೆಂದೊಡನೆ ಎಲ್ಲರಿಗೂ ನೆನಪಾಗುವುದು ಅದ್ವೈತ. ಅಲೆಯೂ ನೀರೇ, ನೊರೆಯೂ ನೀರೇ, ಆದುದರಿಂದ ಜೀವನೂ ಬ್ರಹ್ಮವೇ ಎಂದು ಹರಿಕಥೆಯ ದಾಸರು ಒಂದು ಉಸಿರಿನಲ್ಲಿ ಮುಗಿಸಿಬಿಡುವುದನ್ನು ನಾವೆಲ್ಲ ಕೇಳಿದ್ದೇವೆ. ಶಂಕರಾಚಾರ್ಯರು ಅಷ್ಟು ಸುಲಭವಾಗಿ ಮುಗಿಸಿದವರಲ್ಲ. ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ, ಎಲ್ಲವೂ ಬ್ರಹ್ಮವೇ ಆದರೆ ಉಣ್ಣುವವನು ಮತ್ತು ಉಣ್ಣಲ್ಪಡುವುದು ಎಂಬ ಲೋಕಸಿದ್ಧವಾದ ಭೇದವು ಅಳಿದುಹೋಗುವುದಿಲ್ಲವೇ ಎಂಬ ಆಕ್ಷೇಪ ಬಂದಾಗ ಅವರು ಸಮುದ್ರದ ನೊರೆ, ಅಲೆ, ಗುಳ್ಳೆಗಳ ಉದಾಹರಣೆಯನ್ನು ಕೊಡುತ್ತಾರೆ: ಇವು ಸಮುದ್ರದ ನೀರಿಗಿಂತ ಬೇರೆಯಲ್ಲದಿದ್ದರೂ ಪರಸ್ಪರ ಒಂದರಲ್ಲೊಂದು ಕಲಸಿಹೋಗುವುದಿಲ್ಲ. ಆದರೆ ಮರುಸೂತ್ರಕ್ಕೆ ಬರುವಷ್ಟರಲ್ಲಿ, ಸಮುದ್ರವೆಂಬ ರೀತಿಯಿಂದ ಏಕತ್ವ, ಅಲೆನೊರೆಗಳೆಂಬ ರೀತಿಯಿಂದ ನಾನಾತ್ವ, ಎರಡೂ ಸತ್ಯವೆನ್ನುವ ಭೇದಾಭೇದವಾದಿಯ ಬಾಯಲ್ಲಿ ಅದೇ ದೃಷ್ಟಾಂತವನ್ನು ಇಟ್ಟು ಅದನ್ನು ನಿರಾಕರಿಸುತ್ತಾರೆ. ವ್ಯವಹಾರದ ಮಟ್ಟಿಗೆ ಒಪ್ಪಿದ ಅಲೆಯನ್ನು ಪರಮಾರ್ಥದ ಬಾಗಿಲಲ್ಲಿ ಬಿಟ್ಟುಹೋಗಬೇಕು ಎಂಬುದು ಅವರ ನಿಲುವು. ನಿಜವಾದ ನೀರಿಗೆ ನಿಜವಾದ ಅಲುಗಾಟವಿದೆಯೆಂದು ಒಪ್ಪಿದರೆ ಬ್ರಹ್ಮಕ್ಕೆ ವಿಕಾರವನ್ನು ಒಪ್ಪಬೇಕಾಗುವುದು. ಆದುದರಿಂದ ಈ ದೃಷ್ಟಾಂತವು ಅದ್ವೈತಿಗೆ ಅರ್ಧದಾರಿಯ ಸಂಗಾತಿ ಮಾತ್ರ.

ಇದಕ್ಕೂ ನದಿಯ ದೃಷ್ಟಾಂತಕ್ಕೂ ಇರುವ ಅಂತರವನ್ನು ಸಾಮಾನ್ಯವಾಗಿ ನಾವು ಗಮನಿಸುವುದಿಲ್ಲ. ನದಿಗಳು ಹೆಸರನ್ನೂ ರೂಪವನ್ನೂ ಕಳೆದುಕೊಂಡು ಸಮುದ್ರವನ್ನು ಸೇರುತ್ತವೆಂದು ಮುಂಡಕ, ಪ್ರಶ್ನ ಉಪನಿಷತ್ತುಗಳು ಹೇಳುತ್ತವೆ. ನದಿಯೆಂದರೆ ದೂರವಿದ್ದದ್ದು ಹತ್ತಿರ ಬರುವುದು. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯು ಅರ್ಕಾವತಿಯನ್ನು ಕೂಡಿ, ಅದು ಸಂಗಮದಲ್ಲಿ ಕಾವೇರಿಯನ್ನು ಸೇರಿ, ಕಾವೇರಿಯ ಮೂಲಕ ಮೂಡಣ ಕಡಲನ್ನು ಮುಟ್ಟತಕ್ಕದ್ದು. ಬೆಂಗಳೂರಿನ ಬಾಯಾರಿಕೆಗಾಗಿ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಅಣೆಕಟ್ಟು ಎದ್ದ ಮೇಲೆ ಆ ಯಾತ್ರೆಗೆ ನಡುದಾರಿಯಲ್ಲಿಯೇ ತಡೆ ಬಿದ್ದದ್ದು ಬೇರೆಯ ಮಾತು. ಭಕ್ತನಿಗೆ ಒಪ್ಪುವುದು ಈ ನದಿಯೇ, ಏಕೆಂದರೆ ಅವನಿಗೆ ಸೇರಬೇಕಾದದ್ದಿದೆ. ಅಲೆಯಾದರೋ ಕಡಲನ್ನು ಸೇರುವುದೆಂಬುದೇ ಇಲ್ಲ. ಅದು ಕಡಲನ್ನು ಬಿಟ್ಟದ್ದು ಯಾವಾಗ?

ಸಂಸಾರವನ್ನು ನಾವು ಅಲೆದಾಟವೆಂದೇ ಬಗೆಯುತ್ತೇವೆ. ಒಂದು ದೇಹದಿಂದ ಇನ್ನೊಂದಕ್ಕೆ ಜೀವನು ಹೋಗುತ್ತಾನೆ ಎನ್ನುವಾಗ ನಮ್ಮ ಕಣ್ಣ ಮುಂದಿರುವುದು ಚಪ್ಪಲಿ ಸವೆಸಿದ ರೈತನ ಚಿತ್ರವೇ ಹೊರತು ಹೊಂಗೆಯ ಎಲೆಯ ಚಿತ್ರವಲ್ಲ. ಬೃಹದಾರಣ್ಯಕದ ಋಷಿಯು ಇಲ್ಲಿ ಬಹು ಎಚ್ಚರಿಕೆಯಿಂದ ಮಾತಾಡಿದ್ದಾನೆ. ಆತ್ಮನು ಲೋಕದಿಂದ ಲೋಕಕ್ಕೆ ಸಂಚರಿಸುವುದನ್ನು ಹೇಳುವಾಗ, ಅವನು ಯೋಚಿಸುವಂತಿದ್ದಾನೆ, ತುಯ್ದಾಡುವಂತಿದ್ದಾನೆ ಎಂದು ‘ಇವ’ ಎಂಬ ಪುಟ್ಟ ಅವ್ಯಯವನ್ನು ಎರಡು ಕಡೆಯೂ ಸೇರಿಸುತ್ತಾನೆ. ಆ ಅವ್ಯಯದ ಬಲದ ಮೇಲೆ ಶಂಕರರು ಆತ್ಮನಿಗೆ ಚಲನೆಯೇ ಇಲ್ಲವೆಂದು ಸಾಧಿಸುತ್ತಾರೆ. ಬೌದ್ಧರದು ಅದೇ ದೃಶ್ಯ, ವಿರುದ್ಧವಾದ ತೀರ್ಮಾನ. ಗಾಳಿಯಿಂದ ಸಮುದ್ರದಲ್ಲಿ ಅಲೆಗಳೇಳುವಂತೆ ಎಲ್ಲ ಅರಿವಿನ ತಳಹದಿಯಾದ ಆಲಯವಿಜ್ಞಾನದಲ್ಲಿ ಇತರ ವಿಜ್ಞಾನಗಳು ಏಳುತ್ತವೆಯೆಂದು ಲಂಕಾವತಾರಸೂತ್ರವು ವರ್ಣಿಸುತ್ತದೆ, ಪಯಣವುಂಟು, ಪಯಣಿಗನಿಲ್ಲ. ಕದಲದ ನೀರನ್ನು ನೋಡಿದವನು ಆತ್ಮವಾದಿಯಾದನು, ನಿಲ್ಲದ ಆಕಾರವನ್ನು ನೋಡಿದವನು ಅನಾತ್ಮವಾದಿಯಾದನು.

ಆಶ್ಚರ್ಯವೆಂದರೆ ಆತ್ಮದ ನಿತ್ಯತ್ವಕ್ಕಾಗಿ ಬೌದ್ಧರೊಡನೆ ಶತಮಾನಗಳ ಕಾಲ ಕಾದಾಡಿದ ನೈಯಾಯಿಕರೇ ಪಯಣಿಗನಿಲ್ಲದ ಪಯಣವನ್ನು ಇನ್ನೊಂದೆಡೆ ಸಂತೋಷವಾಗಿ ಒಪ್ಪಿಕೊಂಡಿದ್ದಾರೆ. ದೂರದ ನಗಾರಿಯ ಶಬ್ದವು ಕಿವಿಗೆ ಬರುವುದು ಹೇಗೆ? ಮೊದಲನೆಯ ಶಬ್ದವು ಎರಡನೆಯದನ್ನು ಹುಟ್ಟಿಸಿ ಸಾಯುತ್ತದೆ, ಎರಡನೆಯದು ಮೂರನೆಯದನ್ನು; ಕೊನೆಗೆ ಕಿವಿಯಲ್ಲಿ ಹುಟ್ಟಿದ್ದು ಮಾತ್ರ ಕೇಳಿಸುತ್ತದೆ. ಇದಕ್ಕೆ ಅವರಿಟ್ಟ ಹೆಸರು ವೀಚೀತರಂಗನ್ಯಾಯ. ಶಬ್ದಕ್ಕೆ ಸಲ್ಲುವುದು ಜೀವನಿಗೆ ಏಕೆ ಸಲ್ಲದು ಎಂದು ಕೇಳಿದರೆ, ಶಬ್ದವು ಗುಣ, ಆತ್ಮವು ದ್ರವ್ಯ ಎಂದು ಅವರು ಉತ್ತರಿಸಿಯಾರು. ಅದು ಉತ್ತರವೆನ್ನುವುದಕ್ಕಿಂತ ಬೇಲಿಯೆಂದೇ ನನಗೆ ಕಾಣುತ್ತದೆ.

ಇಷ್ಟು ಮಂದಿ ಅಲೆಯನ್ನು ಕುರಿತು ಮಾತಾಡಿದರಲ್ಲ, ಇವರಲ್ಲಿ ಕಡಲತಡಿಯಲ್ಲಿ ಬಾಳಿದವರೆಷ್ಟು? ಶಂಕರರು ಪೆರಿಯಾರಿನ ದಡದ ಕಾಲಟಿಯವರು. ನೊರೆತೆರೆಗಳಿಗೆ ಹೆದರುವವನು ಕಡಲಂಚಿನಲ್ಲೇಕೆ ಮನೆ ಮಾಡಬೇಕೆಂಬ ಅರ್ಥದ ಮಾತಾಡಿದ ಅಕ್ಕಮಹಾದೇವಿ ಮಲೆನಾಡಿನ ಅಂಚಿನ ಉಡುತಡಿಯವಳು. ನಿಜವಾಗಿ ಕಡಲಿನ ಸದ್ದಿನಲ್ಲಿ ಬೆಳೆದವರು ಹದಿಮೂರನೆಯ ಶತಮಾನದ ಮಧ್ವಾಚಾರ್ಯರು. ಉಡುಪಿಯ ಬಳಿಯ ಪಾಜಕ ಅವರ ಹುಟ್ಟೂರು. ಅಪಾಯಕ್ಕೆ ಸಿಕ್ಕಿದ ಹಡಗೊಂದನ್ನು ಮಲ್ಪೆಯ ದಡದಲ್ಲಿ ನಿಂತು ತಮ್ಮ ಕಾವಿಯ ವಸ್ತ್ರವನ್ನು ಬೀಸಿ ಕಾಪಾಡಿದರೆಂದೂ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣನ ಮೂರ್ತಿ ದೊರೆಯಿತೆಂದೂ ಸಂಪ್ರದಾಯವು ಹೇಳುತ್ತದೆ. ಅವರಿಗೆ ಭೇದವು ಸತ್ಯ, ಜೀವನ ಸಂಸಾರವೂ ಸತ್ಯ; ಮಿಥ್ಯೆಯೆಂದು ತಳ್ಳಿಹಾಕುವ ಮಾತೇ ಇಲ್ಲ. ಕಡಲನ್ನು ಕಂಡದ್ದರಿಂದ ಅವರು ದ್ವೈತಿಯಾದರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಶ್ರುತಿವ್ಯಾಖ್ಯಾನದಲ್ಲಿ ಅವರು ಪಟ್ಟ ಶ್ರಮಕ್ಕೆ ಅಪಚಾರ. ಆದರೆ ಒಂದು ಸಂಗತಿಯನ್ನು ಮಲ್ಪೆಯಲ್ಲಿ ನಿಂತವನು ಬಲ್ಲ, ನಡುನೀರನ್ನು ಮಾತ್ರ ಧ್ಯಾನಿಸುವವನು ಮರೆಯುತ್ತಾನೆ: ದಡದ ಬಳಿಯಲ್ಲಿ ಆಳ ಕಡಿಮೆಯಾಗಿ ಅಲೆಯ ಬುಡವು ನೆಲಕ್ಕೆ ತಡೆಯುತ್ತದೆ, ನೆತ್ತಿ ಮುಂದಕ್ಕೆ ಬಾಗಿ ಒಡೆಯುತ್ತದೆ, ಆಗ ನೀರು ನಿಜವಾಗಿಯೇ ಮುನ್ನುಗ್ಗಿ ಬಂದು ಮರಳನ್ನೇರುತ್ತದೆ. ಅಲ್ಲಿ ನಿಂತವನ ಕಾಲಡಿಯ ಮರಳು ಜಾರಿಹೋಗುವುದಕ್ಕೆ ‘ಇವ’ ಎಂಬ ಅವ್ಯಯವು ಸಾಲದು.

ಹಸಿವು, ಬಾಯಾರಿಕೆ, ಶೋಕ, ಮೋಹ, ಮುಪ್ಪು, ಸಾವು ಇವಾರನ್ನು ನಮ್ಮವರು ಷಡೂರ್ಮಿಗಳೆಂದರು. ಊರ್ಮಿಯೆಂದರೂ ಅಲೆಯೇ, ಉರುಳುವುದೆಂಬ ಭಾವದ ಬಹು ಪ್ರಾಚೀನ ಮೂಲದಿಂದ ಬಂದು, ಜರ್ಮನರ ‘ವೆಲ್ಲೆ’, ರಷ್ಯನ್ನರ ‘ವೊಲ್ನಾ’ಗಳಿಗೆ ದೂರದ ಬಂಧುವಾದದ್ದು. ಮೊದಲೆರಡು ಪ್ರಾಣದ ಧರ್ಮ, ನಡುವಣವು ಮನಸ್ಸಿನದು, ಕೊನೆಯವು ದೇಹದ್ದು, ಆತ್ಮಕ್ಕೆ ಒಂದೂ ಇಲ್ಲ ಎಂಬ ಹಂಚಿಕೆಯು ಶಾಸ್ತ್ರದಲ್ಲಿ ಅಚ್ಚುಕಟ್ಟಾಗಿದೆ. ಮಳೆ ಕೈಕೊಟ್ಟ ವರ್ಷ ಕಣಜದ ತಳ ಕಂಡ ಮನೆಯಲ್ಲಿ ಅದನ್ನು ಉಪದೇಶಿಸಲು ನನಗಂತೂ ಧೈರ್ಯವಿಲ್ಲ. ಅಲುಗಾಟವು ನೀರಿನದೇ; ಎಲೆ ಮೇಲೆದ್ದದ್ದೂ ಕೆಳಗಿಳಿದದ್ದೂ ಸುಳ್ಳಲ್ಲ. ದಡದಿಂದ ದಡಕ್ಕೆ ಸಾಗಿದ ಒಬ್ಬ ಯಾತ್ರಿಕನನ್ನು ಅದರ ಜೊತೆಗೆ ಕಲ್ಪಿಸಿಕೊಂಡದ್ದು ಮಾತ್ರ ನಮ್ಮ ಭಾಷೆಯ ಉಪಕಾರವೋ ಅಪಕಾರವೋ. ಶೋಕವು ಬಂದಾಗ ಶೋಕಿಸುವವನು ನಾನೇ. ನಿನ್ನೆಯ ಶೋಕವನ್ನು ಮೂಟೆ ಕಟ್ಟಿ ಹೊತ್ತುಕೊಂಡು ನಾಳೆಗೆ ನಡೆಯುವ ಇನ್ನೊಬ್ಬನು ಯಾರಿದ್ದಾನೆ ಎಂಬುದಷ್ಟೇ ಪ್ರಶ್ನೆ.

ಹೊರುವವನಿಲ್ಲದಿದ್ದರೆ ಕರ್ಮವು ಫಲ ಕೊಡುವುದು ಹೇಗೆ ಎಂದು ಆಸ್ತಿಕರು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಕೆರೆಯನ್ನು ಕಟ್ಟಿದವರ ನಡವಳಿಕೆಯಿಂದ ಒಂದು ಅಂಶ ದೊರೆಯುತ್ತದೆ. ಏರಿಯ ಒಳಮೈಯನ್ನು, ನೀರು ನಿಲ್ಲುವ ಮಗ್ಗುಲನ್ನು, ಅವರು ಬರಿಯ ಮಣ್ಣಾಗಿ ಬಿಟ್ಟಿಲ್ಲ. ಬುಡದಿಂದ ಮೇಲಿನವರೆಗೆ ಒರಟು ಕಲ್ಲನ್ನು ಒತ್ತಾಗಿ ಹೊದಿಸಿದ್ದಾರೆ. ಆಚೆಯ ದಡದ ನೀರಿನ ಒಂದು ಹನಿಯೂ ಅಲೆಯೊಡನೆ ಇಲ್ಲಿಗೆ ಬರುವುದಿಲ್ಲವೆಂಬುದು ನಿಜವಾದರೂ, ಆ ದಡದಲ್ಲಿ ಬೀಸಿದ ಗಾಳಿಯ ಪೆಟ್ಟು ಇಲ್ಲಿಯ ಮಣ್ಣನ್ನು ಕರಗಿಸುತ್ತದೆ, ಕಲ್ಲು ಕಿತ್ತುಹೋದ ಕಡೆ ವರ್ಷವರ್ಷವೂ ಏರಿ ಸವೆಯುತ್ತದೆ. ಕಾರ್ಯವನ್ನು ಮಾಡಬಲ್ಲದ್ದೇ ಸತ್ತು ಎಂಬ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಲಕ್ಷಣವನ್ನು ಒಪ್ಪುವುದಾದರೆ ಅಲೆಯು ಪದಾರ್ಥವಲ್ಲದೆಯೂ ಸತ್ಯ. ಒಪ್ಪದವರು, ಮಧ್ವರ ಅನುಯಾಯಿಗಳು ಮೊದಲ್ಗೊಂಡು, ಪೆಟ್ಟು ಬಿದ್ದದ್ದನ್ನು ಕಲ್ಲಿನಿಂದ ಅಳೆಯಬಹುದಾದರೂ ಪೆಟ್ಟು ಯಾರದೆಂಬುದು ಹಾಗೆಯೇ ಉಳಿಯಿತಲ್ಲ ಎನ್ನುತ್ತಾರೆ. ಅವರ ಆಕ್ಷೇಪಕ್ಕೆ ಕೆರೆಯ ದೃಷ್ಟಾಂತದಲ್ಲಿ ಸಮಾಧಾನವಿಲ್ಲ, ಗಾಳಿಯ ಮೂಲಕ್ಕೆ ಹೋಗಿ ಹೊಸದಾಗಿ ವಾದವನ್ನು ಆರಂಭಿಸಬೇಕಾಗುತ್ತದೆ.