ತೊಟ್ಟಿಯೊಳಗಿನ ಕಡಲು

ಅಂಗೈಗೆ ಬಂದ ಮರಿಮೀನನ್ನು ಮನುವು ಕಮಂಡಲುವಿನಲ್ಲಿಟ್ಟು, ಅದು ಬೆಳೆದಂತೆ ಕೊಳಕ್ಕೂ ಗಂಗೆಗೂ ಕಡೆಗೆ ಕಡಲಿಗೂ ಒಯ್ದನೆಂದು ಮತ್ಸ್ಯಪುರಾಣದ ಕಥೆ. ಹಿಂದೂಪುರದಲ್ಲಿಯೋ ಕಲ್ಯಾಣದುರ್ಗದಲ್ಲಿಯೋ ಮನೆಯಲ್ಲಿ ಕಡಲಮೀನನ್ನು ಮರಿಮಾಡಿಸ ಹೊರಟವನ ದಾರಿ ಇದಕ್ಕೆ ವಿಪರೀತವಾದುದು. ಅವನು ಕಡಲನ್ನೇ ಗಾಜಿನ ತೊಟ್ಟಿಗೆ ತರಬೇಕು. 100 ಲೀಟರ್ ನೀರಿಗೆ ಸುಮಾರು 3.5 ಕಿಲೋ ಲವಣ ಬೇಕು. ಅಡಿಗೆಯ ಉಪ್ಪೊಂದೇ ಸಾಲದು.

ಸುಲಭವೆನಿಸಿಕೊಂಡ ಕ್ಲೌನ್ ಮೀನನ್ನೇ ನೋಡಿರಿ. ಕಲ್ಲಿಗಂಟಿದ ತತ್ತಿಗಳಿಗೆ ಗಂಡುಮೀನು ವಾರದವರೆಗೆ ರೆಕ್ಕೆ ಬೀಸಿ ಕಾಯುತ್ತದೆ. ಕತ್ತಲಾದ ಮೇಲೆ ಮರಿಗಳು ಹೊರಬೀಳುತ್ತವೆ. ತಂದೆಯ ಕರ್ತವ್ಯ ಅಲ್ಲಿಗೆ ಮುಗಿಯಿತು. ಸಾಕಿದವನದು ಅಲ್ಲಿಂದ ಮೊದಲು. ಆ ಕಿರಿಬಾಯಿಗೆ ರೋಟಿಫರ್ ಎಂಬ ಸೂಕ್ಷ್ಮಜೀವಿಯೇ ಆಹಾರ; ಅದಕ್ಕೆ ಹಸುರು ಪಾಚಿ. ಮೂರು ಸಂಸಾರಗಳನ್ನು ಒಟ್ಟಿಗೆ ಸಾಗಿಸಬೇಕು. ಪಾಚಿ ಕೆಟ್ಟರೆ ಮರಿಗಳಿಗೆ ಉಪವಾಸ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಡಪಂ ಕೇಂದ್ರದವರು ಈ ಕೆಲಸವನ್ನು ಸಾಧಿಸಿದ್ದಾರೆ. ಆದರೆ ಅಲ್ಲಿ ಕಡಲು ಬಾಗಿಲಲ್ಲಿಯೇ ಇದೆ!

ಹೀಗೆ ಜೀವಗಳನ್ನು ಹುಟ್ಟಿಸುವುದು ಧರ್ಮವೆ? ಮನೆಯಲ್ಲಿ ಬೆಳೆದ ಪ್ರತಿಯೊಂದು ಮರಿಯೂ ಹವಳದ ದಿಬ್ಬದ ಒಂದು ಮೀನನ್ನು ಉಳಿಸುವುದೆನ್ನುವರು. ಮಾತು ತೂಕದ್ದೇ, ಸಯನೈಡ್ ವಿಷ ಹಾಕಿ ಅಲಂಕಾರದ ಮೀನು ಹಿಡಿಯುವ ಕಡಲುಗಳೂ ಉಂಟು. ಆದರೆ ಉಳಿದ ಮೀನು ನಮಗೆ ಕಾಣದು, ಸತ್ತ ಮರಿಗಳು ಕಾಣುತ್ತವೆ. ಕಡಲಿನಲ್ಲಿಯೂ ಬಹುಪಾಲು ಮರಿಗಳು ಸಾಯುವುವೆಂಬ ಸಮಾಧಾನವನ್ನು ನಾನು ಒಪ್ಪಲಾರೆ. ಅಲ್ಲಿಯ ಹಸಿವಿಗೆ ಯಾರೂ ಹೊಣೆಯಲ್ಲ. ಇಲ್ಲಿ ತೊಟ್ಟಿ ಕಟ್ಟಿದವನು ಹೊಣೆ. ತಿಂಗಳುಗಟ್ಟಲೆ ಪಾಚಿಯನ್ನು ಕೆಡದಂತೆ ಬೆಳೆಸಲು ಕಲಿತು, ಅನಂತರವೇ ಜೋಡಿಮೀನನ್ನು ತಂದವನನ್ನು ಮಾತ್ರ ಆಕ್ಷೇಪಿಸೆನು. ಬೇಸಗೆಯಲ್ಲಿ ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ನಮ್ಮ ಸೀಮೆಯಲ್ಲಿ ಆ 100 ಲೀಟರಿನ ಪ್ರಶ್ನೆ ಬೇರೆಯೇ ಇದೆ. ಅದನ್ನು ನೆರೆಯವರು ಕೇಳಿಯೇ ಕೇಳುವರು.