ತಿರಿಗಿ ಬರುವೆನೆಂದ ಸಮಾರ್ಯದವನು



ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಸಮಾರ್ಯದವನು ಗಾಯಗಳನ್ನು ಕಟ್ಟಿದ್ದನ್ನು ನಾವೆಲ್ಲರೂ ಬಲ್ಲೆವು. ಚತ್ರದವನಿಗೆ ಎರಡು ಬೆಳ್ಳಿ ನಾಣ್ಯಗಳನ್ನು ಕೊಟ್ಟು, ತಿರಿಗಿ ಬರುವೆನೆಂದು ಮಾತು ಕೊಟ್ಟದ್ದನ್ನು ಮಾತ್ರ ಮರೆಯುತ್ತೇವೆ.

ಮನೆಮಠವಿಲ್ಲದೆ, ತನ್ನಷ್ಟಕ್ಕೆ ತಾನೇ ಮಾತಾಡುತ್ತಾ ಸಂತೆಯ ಕಟ್ಟೆಯ ಮೇಲೆ ಮಲಗುವವನನ್ನು ಕಂಡು, ದೆವ್ವ ಹಿಡಿದಿದೆಯೆಂದು ದಾಟಿಹೋಗುವದು ನಮಗೆ ತಕ್ಕದ್ದಲ್ಲ. ಅದು ರೋಗವು, ಅದಕ್ಕೆ ಔಷಧವುಂಟು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ನಿರ್ಗತಿಕನಿಗೆ ಕಾರ್ಡಿಲ್ಲದಿದ್ದರೂ ಸರಕಾರದ ಚಿಕಿತ್ಸೆಯು ಉಚಿತವು. ಪೊಲೀಸರು ಅವನನ್ನು ರಕ್ಷಣೆಗೆ ತಕ್ಕೊಂಡರೆ 24 ಘಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಬೇಕು; ಸೆರೆಯಲ್ಲಿಡಕೂಡದು. 14416ಕ್ಕೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುವದು.

ನಾವೂ ಒಮ್ಮೆ ಇಂಥವನೊಬ್ಬನನ್ನು ಆಸ್ಪತ್ರೆಗೆ ಕರೆದೊಯ್ದು, ಕೆಲಸ ತೀರಿತೆಂದುಕೊಂಡೆವು. ಎರಡನೆಯ ಸಾರಿ ಹೋಗಲಿಲ್ಲ. ತುಸು ಗುಣವಾದೊಡನೆ ಅವನು ಔಷಧವನ್ನು ಬಿಟ್ಟನು, ರೋಗವು ಮರಳಿತು, ಅವನು ಅದೇ ಕಟ್ಟೆಯ ಮೇಲೆ ಬಿದ್ದಿದ್ದನು. ಮನೆಯಿಲ್ಲದವನು ಮಾತ್ರೆಗಳನ್ನು ಎಲ್ಲಿಡುವನು? ಚೀಟಿಯ ತಾರೀಖನ್ನು ಅವನಿಗೆ ಯಾರು ನೆನಪಿಸುವರು?

ಆದದರಿಂದ ಅವನನ್ನು ಹೆಸರು ಹಿಡಿದು ಕರೆಯೋಣ. ಅವನು ಒಪ್ಪಿದರೆ ಮಾತ್ರೆಗಳನ್ನು ಒಬ್ಬರ ಮನೆಯಲ್ಲಿ ಜೋಪಾನವಾಗಿಡೋಣ. ಗೊತ್ತಾದ ದಿನ ಜೊತೆಯಲ್ಲಿ ಆಸ್ಪತ್ರೆಗೆ ಹೋಗೋಣ. ಬಾರದಿದ್ದರೆ ಬೈಯದೆ ಹುಡುಕೋಣ.

ನಮ್ಮ ಮಾರಿಕಣಿವೆಯು 1933ರಲ್ಲಿ ಕೋಡಿ ಬಿದ್ದ ಮೇಲೆ 2022ರ ವರೆಗೆ, 89 ವರುಷ, ಮತ್ತೆ ಕೋಡಿ ಬೀಳಲಿಲ್ಲ. ಆದರೂ ಕಟ್ಟೆಯನ್ನು ಯಾರೂ ಕೈಬಿಡಲಿಲ್ಲ. ಒಬ್ಬ ಮನುಷ್ಯನನ್ನು ಕಾಯುವದಕ್ಕೆ ನಮಗೆ ಅಷ್ಟಾದರೂ ತಾಳ್ಮೆ ಬೇಡವೇ? ಕರ್ತನು ಅದನ್ನು ಅನುಗ್ರಹಿಸಲಿ. ಆಮೆನ್.